ಬಗ್ ಎಣಿಸುವುದನ್ನು ಬಿಟ್ಟ ಮೇಲೆ ಸಂಬಳ ಏರಿತು

ಈ ಸಲದ ಪರಿಷ್ಕರಣೆಯಲ್ಲಿ ನನ್ನ ಮೂಲ ಸಂಬಳ ಹೆಚ್ಚುಕಡಿಮೆ ಶೇಕಡಾ 37ರಷ್ಟು ಏರಿತು. ಅದೇ ಕಂಪನಿ, ಅದೇ ತಂಡ, ಅದೇ ಕುರ್ಚಿ. ಬೇರೆ ಕಡೆಯ ಆಫರ್ ಪತ್ರ ತೋರಿಸಿ ಹೆದರಿಸಲಿಲ್ಲ, ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ, ಬಿಟ್ಟು ಅದನ್ನು ಬರೆಯುವ ಡೆವಲಪರ್ ಆಗಲೂ ಇಲ್ಲ. "ಟೆಸ್ಟರ್‌ಗೆ ಇಷ್ಟು ಕೊಡುವುದುಂಟೇ" ಎಂದು ಮೂಗು ಮುರಿದವರಲ್ಲಿ ಮೂವರು ಈಗ ನನ್ನ ಲೆಕ್ಕದ ಹಾಳೆಯ ನಕಲು ಕೇಳುತ್ತಿದ್ದಾರೆ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಸೋತದ್ದನ್ನು ಹೇಳಬೇಕು, ಏಕೆಂದರೆ ನಾಲ್ಕು ವರ್ಷ ಸೋಲಿನಲ್ಲೇ ಕಳೆದವು.

ಮೊದಲ ವರ್ಷ ಮ್ಯಾನೇಜರ್ ಎದುರು ಕುಳಿತಾಗ ನನ್ನ ಕೈಯಲ್ಲಿದ್ದದ್ದು ಜಿರಾದಿಂದ, ಅಂದರೆ ನಾವು ಬಗ್ (ಸಾಫ್ಟ್‌ವೇರಿನ ತಪ್ಪು) ದಾಖಲಿಸುವ ತಂತ್ರಾಂಶದಿಂದ, ತೆಗೆದ ಎಣಿಕೆ. ವರ್ಷಕ್ಕೆ ನಾನ್ನೂರು ಚಿಲ್ಲರೆ ಬಗ್, ತಂಡದಲ್ಲೇ ಹೆಚ್ಚು. ಅವರು ಪಟ್ಟಿಯನ್ನು ಕೆಳಗಿನವರೆಗೂ ಸರಿಸಿ ನೋಡಿ, "ಇದರಲ್ಲಿ ಎಷ್ಟನ್ನು ಸರಿಪಡಿಸದೆಯೇ ಮುಚ್ಚಿದ್ದಾರೆ?" ಎಂದು ಕೇಳಿದರು. ಮೂರರಲ್ಲಿ ಒಂದು ಪಾಲು. ಗುಂಡಿಯ ಬಣ್ಣ, ಎರಡು ಪಿಕ್ಸೆಲ್ ಅಂತರ, ಯಾರೂ ತೆರೆಯದ ಪುಟದ ಕಾಗುಣಿತ. ಶೇಕಡಾ 6 ಹಿಡಿದುಕೊಂಡು ಹೊರಬಂದೆ.

ಎರಡನೆಯ ವರ್ಷ ಪ್ರಮಾಣಪತ್ರದ ಹುಚ್ಚು. ಐಎಸ್‌ಟಿಕ್ಯೂಬಿ ಫೌಂಡೇಶನ್ ಟೆಸ್ಟರ್‌ಗಳ ಮೊದಲ ಹಂತದ ಪರೀಕ್ಷೆ, 40 ಪ್ರಶ್ನೆ, 60 ನಿಮಿಷ, 26 ಅಂಕಕ್ಕೆ ಪಾಸು. ನನಗೆ 35ರ ಆಸುಪಾಸು ಬಂದಿತ್ತು. ಹೊರಗೆ ಕೆಲಸ ಹುಡುಕುವಾಗ ಅರ್ಜಿ ಮೊದಲ ಜರಡಿಯಲ್ಲಿ ಉಳಿಯಲು ಅದು ನೆರವಾಗುತ್ತದೆ, ಸುಳ್ಳಲ್ಲ. ಇದ್ದ ಕಡೆ ಸಿಕ್ಕಿದ್ದು ಒಂದು ಅಭಿನಂದನೆಯ ಇಮೇಲ್.

ಮೂರನೆಯ ವರ್ಷ ಆಟೊಮೇಷನ್, ಪರೀಕ್ಷೆಯನ್ನು ಕೈಯಿಂದ ಮಾಡದೆ ಸ್ಕ್ರಿಪ್ಟ್‌ನಿಂದ ಮಾಡಿಸುವುದು. ಎಲ್ಲರೂ ಹೇಳಿದ್ದು ಅದನ್ನೇ, ಅದಕ್ಕೆಂದಿರುವ ಸೆಲೆನಿಯಂ ಎಂಬ ಸಾಧನ ಕಲಿ, ಸಂಬಳ ತಾನಾಗಿ ಬರುತ್ತದೆ. ಏಳೆಂಟು ತಿಂಗಳಲ್ಲಿ ಆರುನೂರು ಸ್ಕ್ರಿಪ್ಟ್ ಬರೆದೆ. ಎಲ್ಲವೂ ಯುಐ, ಅಂದರೆ ಕಣ್ಣಿಗೆ ಕಾಣುವ ಪರದೆಯ ಮೇಲೆ, ಗುಂಡಿ ಎಲ್ಲಿದೆ ಎಂದು ಹೇಳುವ ಉದ್ದುದ್ದ ಎಕ್ಸ್‌ಪಾತ್, ಎಲ್ಲೆಂದರಲ್ಲಿ ಸುಮ್ಮನೆ ಕಾಯುವ ಐದು ಸೆಕೆಂಡಿನ ಸ್ಲೀಪ್. ದಿನ ಬೆಳಗಾದರೆ ಇನ್ನೂರು ಕೆಂಪು, ಅಂದರೆ ಫೇಲು. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ವರದಿಯನ್ನು ತೆರೆಯುತ್ತಿದ್ದವನು ನಾನೊಬ್ಬನೇ, ಕೊನೆಗೆ ನಾನೂ ಬಿಟ್ಟೆ. ಆಮೇಲೆ ಅದರಲ್ಲಿ ಐನೂರನ್ನು ಅಳಿಸಿ, ಮುಖ್ಯವಾದದ್ದನ್ನು ಎಪಿಐ ಹಂತಕ್ಕೆ, ಅಂದರೆ ಪರದೆಯನ್ನು ಬಿಟ್ಟು ಪ್ರೋಗ್ರಾಂ ಜೊತೆ ನೇರ ಮಾತಾಡುವ ಕಡೆಗೆ, ಇಳಿಸಿದೆ. ಎರಡು ದಿನ ಹಿಡಿಯುತ್ತಿದ್ದ ರಿಗ್ರೆಷನ್ (ಹಳೆಯದೇನೂ ಕೆಟ್ಟಿಲ್ಲ ಎಂದು ಮರುಪರೀಕ್ಷಿಸುವುದು) ನಲವತ್ತು ನಿಮಿಷಕ್ಕೆ ಬಂತು. ನಾನು ಮಾಡಿದ ಅತ್ಯುತ್ತಮ ತಾಂತ್ರಿಕ ಕೆಲಸ ಅದೇ ಇರಬೇಕು. ಆದರೆ ಬರೆದದ್ದನ್ನು ಅಳಿಸಿದೆ, ಸಂಬಳ ಹೆಚ್ಚಿಸಿ ಎಂದು ಯಾರ ಮುಂದೆ ಕೇಳುವುದು?

ನಾಲ್ಕನೆಯ ವರ್ಷ ಕೈ ಸುಟ್ಟುಕೊಂಡೆ. ಹೊರಗಿನ ಆಫರ್ ತಂದು ಮೇಜಿನ ಮೇಲಿಟ್ಟೆ. ಶೇಕಡಾ 12 ಕೊಟ್ಟರು. ಪತ್ರವನ್ನು ಮನೆಯಲ್ಲಿ ನಿಧಾನವಾಗಿ ಓದಿದಾಗ ಗೊತ್ತಾಯಿತು, ಅದರಲ್ಲಿ 8 ಒಂದೇ ಸಲ ಕೊಡುವ ಬೋನಸ್, ಮೂಲ ಸಂಬಳಕ್ಕೆ ಸೇರಿದ್ದು ಬರೀ 4. ಮುಂದಿನ ವರ್ಷದ ಶೇಕಡಾವಾರು ಆ 4ರ ಮೇಲೆಯೇ ಬೆಳೆಯುತ್ತದೆ, ಬೋನಸ್ಸಿನ ಮೇಲಲ್ಲ. ಅದಕ್ಕಿಂತ ಹೆಚ್ಚಾಗಿ, ಹೋಗಲು ಒಂದು ಕಾಲು ಹೊರಗಿಟ್ಟವನು ಎಂಬ ಹೆಸರು ಬಿತ್ತು. ಪಾವತಿ ವ್ಯವಸ್ಥೆಯ ಹೊಸ ಕೆಲಸ ಬೇರೊಬ್ಬರ ಪಾಲಾಯಿತು.

ದಾರಿ ತೋರಿಸಿದ್ದು ನಾವು ತಪ್ಪಿಸಿಕೊಳ್ಳಲು ಬಿಟ್ಟ ಒಂದು ಬಗ್. ಗ್ರಾಹಕ ಎರಡು ವಸ್ತು ಕೊಳ್ಳುತ್ತಾನೆ, ಒಂದರ ಬೆಲೆ 1,000, ಇನ್ನೊಂದರದು 500. 300ರ ಕೂಪನ್ ಹಾಕಿ 1,200 ಕಟ್ಟುತ್ತಾನೆ. ಆಮೇಲೆ 1,000ದ ವಸ್ತುವನ್ನು ಮಾತ್ರ ರದ್ದು ಮಾಡುತ್ತಾನೆ. ಕೂಪನ್ನಿನಲ್ಲಿ ಅದರ ಪಾಲು 200, ಹಾಗಾಗಿ ಮರಳಬೇಕಾದದ್ದು 800. ನಮ್ಮ ವ್ಯವಸ್ಥೆ 1,000 ಪೂರ್ತಿ ಮರಳಿಸುತ್ತಿತ್ತು. 500ರ ವಸ್ತು ಅವನ ಕೈಗೆ 200ಕ್ಕೆ ಸಿಕ್ಕಂತಾಯಿತು. ಕೂಪನ್ ಪರೀಕ್ಷಿಸಿದ್ದೆವು, ರದ್ದತಿ ಪರೀಕ್ಷಿಸಿದ್ದೆವು, ಎರಡನ್ನೂ ಜೋಡಿಸಿ ಒಮ್ಮೆಯೂ ನೋಡಿರಲಿಲ್ಲ. ಹತ್ತು ಹನ್ನೊಂದು ದಿನ ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜವಾದ ಗ್ರಾಹಕರ ಮುಂದೆ, ಓಡಿತು. ಹಿಡಿದವರು ನಾವಲ್ಲ, ಲೆಕ್ಕಪತ್ರ ವಿಭಾಗದವರು.

ಅವರು ಒಂದೇ ಒಂದು ಹಾಳೆ ತಂದಿದ್ದರು. ಎಷ್ಟು ಆರ್ಡರ್, ಎಷ್ಟು ಹಣ ಹೋಯಿತು, ಗ್ರಾಹಕ ಸೇವೆಯವರಿಗೆ ಎಷ್ಟು ಕರೆ ಬಂದವು, ಐವರು ಎಂಜಿನಿಯರ್‌ಗಳ ಮೂರೂವರೆ ದಿನ. ನನ್ನ ನಾನ್ನೂರು ಸಾಲಿನ ಪಟ್ಟಿಯ ಮುಂದೆ ಆಕಳಿಸಿದ್ದ ಅದೇ ಮ್ಯಾನೇಜರ್ ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ತಮ್ಮ ಮೇಲಿನವರಿಗೆ ಕಳುಹಿಸಿದರು. ಇಷ್ಟು ವರ್ಷ ನಮ್ಮ ಪಟ್ಟಿಗಳಲ್ಲಿ ತೀವ್ರತೆ ಇತ್ತು, ಆದ್ಯತೆ ಇತ್ತು, ಹಣದ ಕಾಲಂ ಮಾತ್ರ ಇರಲಿಲ್ಲ.

ಅಂದಿನಿಂದ ನಾನೊಂದು ಹಾಳೆ ಇಟ್ಟೆ. ಐದೇ ಕಾಲಂ. ದಿನಾಂಕ, ಬಗ್, ಹೊರಗೆ ಹೋಗಿದ್ದರೆ ಯಾರಿಗೆ ಪೆಟ್ಟು, ಹಿಂದೆ ನಿಜವಾಗಿಯೂ ತಪ್ಪಿಸಿಕೊಂಡು ಹೋದ ಯಾವ ಬಗ್‌ಗೆ ಇದು ಸಮ, ಮತ್ತು ಗಂಟೆಗಳು. ನಾಲ್ಕನೆಯ ಕಾಲಂ ಇಲ್ಲದಿದ್ದರೆ ಇದು ಬರೀ ಕಟ್ಟುಕಥೆ. ನಮ್ಮ ತಂಡದ ಹಿರಿಯರೊಬ್ಬರು ಕೇಳಿದ್ದರು, "ಆಗದೇ ಹೋದ ನಷ್ಟಕ್ಕೆ ಯಾರಪ್ಪ ದುಡ್ಡು ಕೊಡುತ್ತಾರೆ?" ನ್ಯಾಯವಾದ ಪ್ರಶ್ನೆ. ಆಗಿಹೋದ ನಷ್ಟದ ಪಕ್ಕದಲ್ಲಿ ಇಟ್ಟರೆ ಮಾತ್ರ ಆಗದ ನಷ್ಟಕ್ಕೆ ಬೆಲೆ ಹುಟ್ಟುತ್ತದೆ.

ಗಂಟೆಗಳನ್ನು ನಾನು ಎಂದೂ ಊಹಿಸಿ ಬರೆಯುವುದಿಲ್ಲ. ಸರಿಪಡಿಸಿದ ಡೆವಲಪರ್ ಬಳಿ ಅದೇ ದಿನ ಹೋಗಿ "ಇದು ಹೊರಗೆ ಹೋಗಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು?" ಎಂದು ಕೇಳುತ್ತೇನೆ. ಅವರು ಎರಡು ಸಂಖ್ಯೆ ಹೇಳಿದರೆ ಸಣ್ಣದನ್ನು ಹಿಡಿಯುತ್ತೇನೆ. ಕೊನೆಯಲ್ಲಿ ಎಲ್ಲವನ್ನೂ ಹಣದ ಲೆಕ್ಕಕ್ಕೆ ತಂದು, ಒಟ್ಟು ಮೊತ್ತವನ್ನು ಅರ್ಧಕ್ಕೆ ಇಳಿಸುತ್ತೇನೆ. ವಾರ ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಬಾಯಿಗೆ ಬಂದದ್ದು ಹೇಳುತ್ತಾರೆ. ಗ್ರಾಹಕ ಸೇವೆಯವರ ಗಂಟೆಗಳನ್ನು ಎಲ್ಲಿಂದ ಪಡೆಯುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಆ ಬಾಗಿಲು ಎಲ್ಲರಿಗೂ ಗೊತ್ತಾದರೆ ನನಗೇ ಮುಚ್ಚಿಕೊಳ್ಳುತ್ತದೆ.

ವರ್ಷದ ಕೊನೆಗೆ ಮುನ್ನೂರು ಬಗ್‌ಗಳಲ್ಲಿ ಹಾಳೆಗೆ ಏರಿದ್ದು 23. ಅರ್ಧಕ್ಕೆ ಇಳಿಸಿದ ಮೇಲೂ ಮೊತ್ತ ನನ್ನ ವರ್ಷದ ಸಂಬಳದ ಎರಡು ಪಟ್ಟಿನ ಹತ್ತಿರ ಇತ್ತು. ಅಷ್ಟಾದರೂ ಆ ವರ್ಷ ಸಿಕ್ಕಿದ್ದು ಶೇಕಡಾ 9. ಒಂದು ಕಾರಣ ನನ್ನ ಆಡಂಬರ. ಅಮೆರಿಕದ ಷೇರು ವ್ಯಾಪಾರದ ಕಂಪನಿ ನೈಟ್ ಕ್ಯಾಪಿಟಲ್‌ನ 2012ರ ಪ್ರಕರಣದಿಂದ ಶುರು ಮಾಡಿದ್ದೆ, ಒಂದು ಕೆಟ್ಟ ರಿಲೀಸ್, 45 ನಿಮಿಷ, ಸುಮಾರು 44 ಕೋಟಿ ಡಾಲರ್ ನಷ್ಟ. ಮ್ಯಾನೇಜರ್ ನಕ್ಕು "ನಾವು ಷೇರು ವ್ಯಾಪಾರ ಮಾಡುವುದಿಲ್ಲವಲ್ಲ" ಎಂದರು. ಆ ಪುಟವನ್ನು ಅಂದೇ ಕಿತ್ತುಹಾಕಿದೆ. ದೊಡ್ಡ ಕಾರಣ ಬೇರೆ. ಸಂಬಳದ ಹಣ ಹಂಚಿಕೆಯಾಗಿ ಐದು ವಾರ ಕಳೆದಿತ್ತು, ನಾನು ಮಾತುಕತೆ ಎಂದುಕೊಂಡು ಹೋದ ಸಭೆ ತೀರ್ಮಾನ ಓದಿ ಹೇಳುವ ಸಭೆಯಾಗಿತ್ತು. ಈಗ ಮೂರು ತಿಂಗಳಿಗೊಮ್ಮೆ ಮೂರು ಸಾಲು ಕಳುಹಿಸುತ್ತೇನೆ, ಪೂರ್ತಿ ಹಾಳೆಯನ್ನು ಪರಿಷ್ಕರಣೆಗೆ ಎರಡು ತಿಂಗಳು ಮೊದಲೇ ಕೊಡುತ್ತೇನೆ.

ನಡುವೆ ಒಂದು ಚಿಕ್ಕ ಪ್ರಯೋಗ. ಒಂದೆರಡು ತಿಂಗಳು ಅರ್ಧದಷ್ಟು ಬಗ್‌ಗಳಿಗೆ ಹಳೆಯ ಥರದ ಶೀರ್ಷಿಕೆ ಕೊಟ್ಟೆ, "ರದ್ದತಿ ಪುಟದಲ್ಲಿ ಮೊತ್ತ ತಪ್ಪು". ಉಳಿದರ್ಧಕ್ಕೆ ಪರಿಣಾಮವನ್ನೇ ಬರೆದೆ, "ಕೂಪನ್ ಬಳಸಿದವರಿಗೆ ಹೆಚ್ಚು ಹಣ ಮರಳುತ್ತದೆ". ಮೊದಲನೆಯವು ಸರಿಯಾಗಲು ಒಂಬತ್ತು ದಿನ ಹಿಡಿದವು, ಎರಡನೆಯವು ನಾಲ್ಕೈದು. ವಿಜ್ಞಾನವೇನಲ್ಲ, ಆ ತಿಂಗಳು ಕೆಲಸವೂ ಹಗುರವಾಗಿತ್ತು. ಆದರೂ ಹಳೆಯ ಥರ ಬರೆಯಲು ನನಗೆ ಮತ್ತೆ ಮನಸ್ಸಾಗಲಿಲ್ಲ.

ಇನ್ನೊಂದು ಗೋಡೆ ಹುದ್ದೆಯದು. ಎಚ್‌ಆರ್ ಬಳಿ ನನ್ನ ಸಂಬಳದ ಮಾತೆತ್ತದೆ, ಈ ಹುದ್ದೆಯ ಮೇಲಿನ ಮಿತಿ ಎಷ್ಟು ಎಂದಷ್ಟೇ ಕೇಳಿದೆ. ನಾನಾಗಲೇ ಅದರ ಶೇಕಡಾ 90 ಮುಟ್ಟಿದ್ದೆ. ಹಾಳೆ ಎಷ್ಟೇ ಚೆನ್ನಾಗಿರಲಿ, ಆ ಡಬ್ಬಿಯಲ್ಲಿ ಜಾಗವೇ ಇರಲಿಲ್ಲ. ಟೆಸ್ಟ್ ಲೀಡ್ ಆಗು ಎಂದರು. ವಿಚಾರಿಸಿದರೆ ಅದೂ ಅದೇ ಡಬ್ಬಿ, ಮೇಲೆ ಆರು ಜನರ ರಜೆಯ ಲೆಕ್ಕ ಮತ್ತು ವಾರದ ವರದಿ. ಬೇಡವೆಂದೆ. 2014ರಲ್ಲಿ ಮೈಕ್ರೋಸಾಫ್ಟ್ ಎಸ್‌ಡಿಇಟಿ (ಪರೀಕ್ಷೆಗೆಂದೇ ಕೋಡ್ ಬರೆಯುವ ಎಂಜಿನಿಯರ್) ಹುದ್ದೆಗಳನ್ನು ಡೆವಲಪರ್ ಹುದ್ದೆಗಳೊಂದಿಗೆ ವಿಲೀನ ಮಾಡಿದಾಗ ಟೆಸ್ಟರ್‌ಗಳ ಕಾಲ ಮುಗಿಯಿತು ಎಂದು ನಮ್ಮವರು ಗೋಳಾಡಿದ್ದರು. ನನಗೆ ಅದರಲ್ಲಿ ಕಂಡದ್ದು ಬೇರೆ, ಇಬ್ಬರಿಗೂ ಬಡ್ತಿಯ, ಸಂಬಳದ ಒಂದೇ ಏಣಿ. ನಮ್ಮಲ್ಲಿ ಆ ಏಣಿ ಇದ್ದದ್ದು ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ಮಾತ್ರ. ಒಳಗಿನವರಿಗೂ ಕೋಡಿಂಗ್ ಸಂದರ್ಶನ ಇತ್ತು. ಮೂರು ತಿಂಗಳು ದಿನಕ್ಕೊಂದು ಗಂಟೆ ಕುಳಿತೆ. ಮೊದಲ ಸಲ ಫೇಲಾದೆ. ಎರಡನೆಯ ಸಲ, ಹೇಳಿಕೊಳ್ಳಬಾರದು, ಪ್ರಶ್ನೆ ಕೇಳಿದವರ ಉದಾಹರಣೆಯಲ್ಲೇ ಒಂದು ತಪ್ಪು ಹಿಡಿದೆ.

ಆ ಹುದ್ದೆಯ ಸಂಬಳದ ಮಾತುಕತೆಗೆ ಕುಳಿತಾಗ ಅವರು ಶೇಕಡಾ 22 ಎಂದರು. ನಾನು ಒಂದು ಪ್ರಶ್ನೆ ಕೇಳಿದೆ, ಅವರು ಎರಡು ದಿನ ಸಮಯ ಕೇಳಿದರು, 37ಕ್ಕೆ ಬಂದು ನಿಂತರು. ಪ್ರಶ್ನೆ ಏನೆಂದು ಕೇಳಬೇಡಿ, ಇನ್ನೊಂದು ಸಲ ಬೇಕಾಗುತ್ತದೆ.

ಹಾಳೆಗೆ ಈಗ ಇನ್ನೊಂದು ಬದಿಯೂ ಇದೆ, ನಾನು ಹಿಡಿಯದೆ ಬಿಟ್ಟವುಗಳದು. ಮೊದಲು ಅಂಜಿಕೆಯಿತ್ತು, ಆದರೆ ಮುಂಬದಿಯ ಸಂಖ್ಯೆಗಳನ್ನು ಕೆದಕುವುದನ್ನು ಮ್ಯಾನೇಜರ್ ನಿಲ್ಲಿಸಿದ್ದು ಹಿಂಬದಿ ಓದಿದ ಮೇಲೆಯೇ. ಕಳೆದ ವಾರ ಅಲ್ಲಿಗೆ ಒಂದು ಸಾಲು ಸೇರಿತು. ಜನವರಿ 31ರಂದು ತಿಂಗಳ ಚಂದಾ ಕಟ್ಟಿದವರಿಗೆ ಫೆಬ್ರವರಿಯಲ್ಲಿ ನವೀಕರಣವೇ ಆಗದೆ ನೇರ ಮಾರ್ಚ್ 3ಕ್ಕೆ ಹಾರಿತ್ತು. ಡೆವಲಪರ್ ಹೇಳಿದ ಗಂಟೆ 14. ಹಿಂಬದಿಯ ಸಾಲುಗಳನ್ನು ನಾನು ಅರ್ಧಕ್ಕೆ ಇಳಿಸುವುದಿಲ್ಲ, 14 ಎಂದೇ ಬರೆದೆ.