ಬೆಳ್ಳಿ ಮಲಗಿದ ಜಾಗಕ್ಕೆ ಇರುವೆ ಮುತ್ತಿದ್ದು

ಒಂದು ಬೆಳಿಗ್ಗೆ ಕೊಟ್ಟಿಗೆ ಗುಡಿಸೋಕೆ ಹೋದೆ. ನಮ್ಮ ಬೆಳ್ಳಿ ಮಲಗಿದ್ದ ಜಾಗದಲ್ಲಿ ಇರುವೆ ಸಾಲುಗಟ್ಟಿದ್ದವು. ಬಗ್ಗಿ ನೋಡಿದರೆ ನೆಲ ಅಂಗೈ ಅಗಲ ಒದ್ದೆ, ಅಂಚಿನಲ್ಲಿ ಬಿಳಿ ಕರೆ. ಹಾಲು! ಎಡಮೊಲೆಯ ತುದಿಯಲ್ಲಿ ಇನ್ನೂ ಒಂದು ಹನಿ ನೇತಾಡುತ್ತಿತ್ತು.

ಬೆಳ್ಳಿ ಜಮುನಾಪಾರಿ ಮಿಶ್ರತಳಿಯ ಆಡು. ಎರಡನೇ ಸಲ ಮರಿ ಹಾಕಿ ಒಂದೂವರೆ ತಿಂಗಳಾಗಿತ್ತು. ರಾತ್ರಿ ಮರಿಗಳನ್ನು ಬೇರೆ ಕಟ್ಟಿ, ಬೆಳಿಗ್ಗೆ ಹಾಲು ಕರೆದ ಮೇಲೆ ಬಿಡುತ್ತಿದ್ದೆ.

ಕೆಚ್ಚಲು ಬಾವು ಇರಬಹುದು ಅಂತ ಮೊದಲು ಎದೆ ಧಸಕ್ಕೆಂದಿತು. ಕರಿ ಬಟ್ಟೆಯ ಮೇಲೆ ಮೊದಲ ಎರಡು ಧಾರೆ ಹಿಂಡಿ ನೋಡಿದೆ. ಗಡ್ಡೆ ಇಲ್ಲ, ನೀರುನೀರಾಗಿಲ್ಲ. ಕೆಚ್ಚಲು ಬಿಸಿಯಾಗಿರಲಿಲ್ಲ, ಗಟ್ಟಿಯೂ ಆಗಿರಲಿಲ್ಲ. ಪಶುವೈದ್ಯರೂ ಬಂದು ನೋಡಿ ಬಾವಿಲ್ಲ ಅಂದರು. ಮೊಲೆತೊಟ್ಟಿನ ತುದಿಯಲ್ಲಿ ರಂಧ್ರವನ್ನು ಬಿಗಿಯಾಗಿ ಮುಚ್ಚುವ ಸ್ನಾಯು ಇರುತ್ತದೆ, ಇದಕ್ಕೆ ಎಡಗಡೆ ಅದು ಸಡಿಲ, ಕೆಚ್ಚಲು ತುಂಬಿದರೆ ಸೋರುತ್ತದೆ ಅಂತ ವಿವರಿಸಿದರು.

ಆದರೆ ಅಷ್ಟು ಹೊತ್ತು ತುಂಬಿಸಿ ಬಿಟ್ಟಿದ್ದು ನಾನೇ ಅಲ್ವಾ? ಸಂಜೆ 5ಕ್ಕೆ ಕರೆದರೆ ಮತ್ತೆ ಕರೆಯುತ್ತಿದ್ದುದು ಬೆಳಿಗ್ಗೆ 8ಕ್ಕೆ. ಹದಿನೈದು ಗಂಟೆ. ಇನ್ನೊಂದನ್ನು ನಮ್ಮತ್ತೆ ಗಮನಿಸಿದ್ದರು. "ನೀನು ಬೂಸಾ ಡಬ್ಬಿ ತೆಗೆದ ಸದ್ದಿಗೇ ಅದು ತೊರೆ ಬಿಡುತ್ತೆ ಕಣೇ. ಅದನ್ನ ಕೊನೆಗೆ ಕರೆದರೆ ಹಾಲು ನೆಲದ ಪಾಲು" ಅಂದರು.

ಅವರ ಮಾತು ಸರಿಯಾಗಿತ್ತು. ಮರಿ ಗುದ್ದಿದಾಗ, ಕೆಚ್ಚಲು ಉಜ್ಜಿದಾಗ, ಕೆಲವೊಮ್ಮೆ ಬರೀ ಪಾತ್ರೆ ಸದ್ದಿಗೂ ಮೆದುಳಿನಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬಿಡುಗಡೆಯಾಗುತ್ತದೆ. ಅದು ಕೆಚ್ಚಲಿನ ಒಳಗಿನ ಸಣ್ಣ ಚೀಲಗಳನ್ನು ಹಿಂಡಿ ಹಾಲನ್ನು ಕೆಳಗೆ ತಳ್ಳುತ್ತದೆ. ಇದನ್ನೇ ತೊರೆ ಬಿಡೋದು ಅನ್ನೋದು. ಇದರ ಕೆಲಸ ಕೆಲವೇ ನಿಮಿಷ. ಹಸುವಿನ ಹಾಗಲ್ಲ, ಆಡಿನ ಕೆಚ್ಚಲಿನಲ್ಲಿ ಹೆಚ್ಚಿನ ಹಾಲು ಮೊದಲೇ ಕೆಳಗಿನ ತೊಟ್ಟಿಯಂಥ ಜಾಗಕ್ಕೆ ಇಳಿದು ನಿಂತಿರುತ್ತದೆ. ಅದರ ಮೇಲೆ ತೊರೆಯೂ ಸೇರಿದರೆ ಸಡಿಲ ಮೊಲೆ ತಡೆಯೋದು ಹೇಗೆ?

ಅವತ್ತಿನಿಂದ ಬೆಳಿಗ್ಗೆ 6, ಸಂಜೆ 6 ಅಂತ ಹೊತ್ತು ಗೊತ್ತು ಮಾಡಿದೆ. ಬೆಳ್ಳಿಯದೇ ಮೊದಲ ಸರದಿ. ಪಾತ್ರೆ ತೊಳೆದು ಸಿದ್ಧ ಇಟ್ಟುಕೊಂಡ ಮೇಲೇ ಬೂಸಾ ಡಬ್ಬಿ ತೆಗೆಯುತ್ತೇನೆ. ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಕೆಚ್ಚಲು ಒರೆಸಿ, ಮರಿ ಗುದ್ದುವ ಹಾಗೆ ಮುಷ್ಟಿಯಿಂದ ಮೆತ್ತಗೆ ಎರಡು ಮೂರು ಸಲ ಮೇಲಕ್ಕೆ ಒತ್ತುತ್ತೇನೆ. ಸ್ವಲ್ಪ ಹೊತ್ತಿಗೆ ಮೊಲೆ ಉಬ್ಬಿ ತೊಗಲು ನುಣುಪಾಗುತ್ತದೆ. ಆಗ ಶುರು ಮಾಡಿದರೆ ನಡುವೆ ಏಳೋದಿಲ್ಲ. ಕೊನೆಯ ಹಾಲಲ್ಲೇ ಕೊಬ್ಬು ಜಾಸ್ತಿ, ಅದನ್ನು ಬಿಡಬಾರದು.

ನಮ್ಮ ಇನ್ನೊಂದು ಆಡು ಕೆಂಪಿಯದು ಇದಕ್ಕೆ ಉಲ್ಟಾ. ಒಮ್ಮೆ ಕರೆಯುವಾಗ ಬೀದಿನಾಯಿ ಒಳಗೆ ನುಗ್ಗಿತು. ಕೆಂಪಿ ಬೆದರಿ ಅರ್ಧ ಹಾಲಿಗೇ ತೊರೆ ನಿಲ್ಲಿಸಿಬಿಟ್ಟಳು. ಹೆದರಿದ ಮೈಗೆ ತೊರೆ ಬರೋದಿಲ್ಲ. ಪರಿಚಯದವರೊಬ್ಬರು ತೊರೆ ಬರಿಸೋಕೆ ಆಕ್ಸಿಟೋಸಿನ್ ಸೂಜಿ ಹಾಕಿಸು ಅಂದರು, ನಾನು ಒಪ್ಪಲಿಲ್ಲ. ಜಾಸ್ತಿ ಹಾಲಿಗಾಗಿ ಪ್ರಾಣಿಗೆ ಕೆಡುಕಾಗುವ ಸೂಜಿ ಚುಚ್ಚೋದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ನಿಷೇಧಿಸಿದೆ. ಮರಿಯನ್ನು ಕಣ್ಣೆದುರಿಗೆ ಕಟ್ಟಿ, ಬೆನ್ನು ಸವರಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೂತೆ. ತೊರೆ ಬಂತು.

ಕರೆದಾದ ಮೇಲೆ ಮೊಲೆ ರಂಧ್ರ ಮುಚ್ಚಿಕೊಳ್ಳೋಕೆ ಸುಮಾರು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಗಂಜಲದ ಮೇಲೆ ಮಲಗಿದರೆ ಸೋಂಕು ಸಲೀಸಾಗಿ ಒಳಗೆ ಹೋಗುತ್ತದೆ. ಸೋರುವ ಮೊಲೆಗಂತೂ ಈ ಭಯ ಯಾವಾಗಲೂ ಇದ್ದದ್ದೇ. ಅದಕ್ಕೇ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಸುಬಾಬುಲ್ ಸೊಪ್ಪನ್ನು ಎತ್ತರಕ್ಕೆ ಕಟ್ಟುತ್ತೇನೆ. ತಿನ್ನುತ್ತಾ ನಿಂತೇ ಇರುತ್ತವೆ.

ಬೆಳ್ಳಿಯ ಎಡಮೊಲೆ ಪೂರ್ತಿ ಸರಿಹೋಗಿಲ್ಲ. ಮೊನ್ನೆ ಮದುವೆಗೆ ಹೋಗಿ ಎರಡು ಗಂಟೆ ತಡವಾಯಿತು, ಮತ್ತೆ ನೆಲ ಒದ್ದೆ. ಅವಳ ಗಂಡುಮರಿ ನೋಡೋಕೆ ಬಹಳ ಚೆನ್ನಾಗಿದೆ, ಆದರೂ ಈ ಸಡಿಲ ಮೊಲೆ ಮುಂದಿನ ಪೀಳಿಗೆಗೂ ಬಂದೀತು ಅಂತ ಅದನ್ನು ತಳಿಗೆ ಇಟ್ಟುಕೊಳ್ಳಲಿಲ್ಲ.