ನೂರು ದಿನಾರಿ ಎಂದರೆ ಎಷ್ಟು?

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿರುವ ಕರುಣೆಯಿಲ್ಲದ ಸೇವಕನ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ನಾನು ವರ್ಷಗಟ್ಟಲೆ ಒಂದೇ ಬಗೆಯಲ್ಲಿ ಹೇಳಿಕೊಟ್ಟಿದ್ದೆ. ಅರಸನು ತನ್ನ ಸೇವಕನ ಬೆಟ್ಟದಷ್ಟು ಸಾಲವನ್ನು ಮನ್ನಾ ಮಾಡಿದ. ಆ ಸೇವಕನೋ ತನಗೆ ಬರಬೇಕಿದ್ದ ನೂರು ದಿನಾರಿಗಾಗಿ, ಅಂದರೆ ನೂರು ಬೆಳ್ಳಿ ನಾಣ್ಯಗಳ ಚಿಲ್ಲರೆ ಕಾಸಿಗಾಗಿ, ಜೊತೆಯವನ ಕುತ್ತಿಗೆ ಹಿಡಿದ. ಒಮ್ಮೆ ವೇದಪಾಠ ಮುಗಿದ ಮೇಲೆ, ಒಡಹುಟ್ಟಿದವನಿಂದಲೇ ಮೋಸಹೋಗಿದ್ದ ಹಿರಿಯರೊಬ್ಬರು ಕೇಳಿದರು: "ನನಗಾದದ್ದು ಚಿಲ್ಲರೆ ವಿಷಯವೇ?" ನಾನು ಸುಮ್ಮನಾದೆ.

ಮನೆಗೆ ಬಂದು ಲೆಕ್ಕ ಹಾಕಲು ಕುಳಿತೆ. ವ್ಯಾಖ್ಯಾನ ಗ್ರಂಥಗಳನ್ನು ತೆರೆಯುವ ಮೊದಲು ಸತ್ಯವೇದದಲ್ಲೇ ಹುಡುಕುವುದು ನನ್ನ ರೂಢಿ. ಎರಡೇ ಅಧ್ಯಾಯ ಮುಂದೆ, ದ್ರಾಕ್ಷಿತೋಟದ ಯಜಮಾನ ಆಳುಗಳಿಗೆ ಗೊತ್ತುಮಾಡುವ ಕೂಲಿ ದಿನಕ್ಕೆ ಒಂದು ದಿನಾರಿ. ಹಾಗಾದರೆ ನೂರು ದಿನಾರಿ ಎಂದರೆ, ವಾರಕ್ಕೊಮ್ಮೆ ಬರುವ ವಿಶ್ರಾಂತಿಯ ಸಬ್ಬತ್ ದಿನಗಳನ್ನು ಬಿಟ್ಟರೆ, ಸುಮಾರು ನಾಲ್ಕು ತಿಂಗಳ ದುಡಿಮೆ. ಕೂಲಿಯವನ ಪಾಲಿಗೆ ಅದು ಚಿಲ್ಲರೆಯಲ್ಲ, ಮನೆಯವರ ಹೊಟ್ಟೆಪಾಡು.

ಅರಸನು ಮನ್ನಾ ಮಾಡಿದ ಸಾಲವೋ ಹತ್ತು ಸಾವಿರ ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ ಎಂದು ಹಿಡಿದರೆ ಒಟ್ಟು 6 ಕೋಟಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು! ಹೆರೋದ ಅಂತಿಪನಿಗೆ ಗಲಿಲಾಯ ಮತ್ತು ಪೆರಾಯ ಪ್ರಾಂತಗಳಿಂದ ವರ್ಷಕ್ಕೆ ಬರುತ್ತಿದ್ದ ಆದಾಯ 200 ತಲಾಂತು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಒಬ್ಬ ಆಳರಸನ ಐವತ್ತು ವರ್ಷಗಳ ವರಮಾನ ಒಬ್ಬ ಸೇವಕನ ತಲೆಯ ಮೇಲಿತ್ತು.

ಆಮೇಲೆ 26 ಮತ್ತು 29ನೆಯ ವಚನಗಳನ್ನು ಅಕ್ಕಪಕ್ಕ ಬರೆದುಕೊಂಡೆ. ಇಬ್ಬರೂ ಕಾಲಿಗೆ ಬಿದ್ದು ಬೇಡಿಕೊಳ್ಳುವುದು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ: ತಾಳ್ಮೆಯಿಂದಿರು, ತೀರಿಸುತ್ತೇನೆ. ಮೊದಲನೆಯವನ ಬಾಯಲ್ಲಿ ಅದು ಎಂದೂ ನಡೆಯದ ಮಾತು. ಎರಡನೆಯವನು ಮಾತ್ರ ನಿಜವಾಗಿಯೂ ತೀರಿಸಬಲ್ಲವನಾಗಿದ್ದ, ಒಂದಿಷ್ಟು ಕಾಲಾವಕಾಶ ಸಿಕ್ಕಿದ್ದರೆ ಸಾಕಿತ್ತು. ಇಷ್ಟು ವರ್ಷ ಓದಿಯೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಿರಿಯರಿಗೆ ಮರುವಾರ ಇದನ್ನೇ ಹೇಳಿದೆ: ನಿಮಗಾದ ನಷ್ಟವನ್ನು ಯೇಸು ಸಣ್ಣದೆಂದು ಹೇಳುತ್ತಿಲ್ಲ, ಅದಕ್ಕೆ ನಾಲ್ಕು ತಿಂಗಳ ಕೂಲಿಯ ತೂಕವಿದೆ. ಅವರು ಆ ಲೆಕ್ಕದ ಹಾಳೆಯನ್ನು ಕೇಳಿ ಪಡೆದುಕೊಂಡರು.

ಅಂದಿನಿಂದ ಯಾವುದೇ ವಾಕ್ಯಭಾಗದಲ್ಲಿ ಹಣ, ಅಳತೆ, ದೂರ, ಕಸುಬು ಬಂದರೆ ಅಲ್ಲಿ ನಿಂತೇ ಮುಂದೆ ಹೋಗುತ್ತೇನೆ. ಆದರೆ ಹಿನ್ನೆಲೆಯ ಹೆಸರಿನಲ್ಲಿ ಬರುವುದನ್ನೆಲ್ಲ ನಂಬುವುದಿಲ್ಲ. ಈ ಎರಡು ಅಧ್ಯಾಯಗಳ ನಡುವೆ, 19ರಲ್ಲಿ, ಐಶ್ವರ್ಯವಂತನು ದೇವರ ರಾಜ್ಯದಲ್ಲಿ ಸೇರುವುದಕ್ಕಿಂತ ಸೂಜಿಯ ಕಣ್ಣಿನಲ್ಲಿ ಒಂಟೆ ನುಗ್ಗುವುದು ಸುಲಭ ಎಂಬ ಯೇಸುವಿನ ಮಾತಿದೆ. ಯೆರೂಸಲೇಮಿನಲ್ಲಿ 'ಸೂಜಿಯ ಕಣ್ಣು' ಎಂಬ ಗಿಡ್ಡ ಬಾಗಿಲಿತ್ತು, ಹೊರೆ ಇಳಿಸಿ ಮಂಡಿಯೂರಿದರೆ ಒಂಟೆ ಅದರಲ್ಲಿ ದಾಟುತ್ತಿತ್ತು ಎಂದು ನಾನೂ ಕಲಿಸಿದ್ದೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತೆನ್ನಲು ಆಧಾರವೇ ಇಲ್ಲ. ಶಿಷ್ಯರನ್ನು ನೋಡಿದ್ದರೂ ಸಾಕಿತ್ತು: ಬೆರಗಾಗಿ, "ಹಾಗಾದರೆ ಯಾರಿಗೆ ರಕ್ಷಣೆಯಾದೀತು?" ಎಂದು ಕೇಳುತ್ತಾರೆ. ಕಷ್ಟಪಟ್ಟರೆ ದಾಟಬಹುದಾದ ಬಾಗಿಲಾಗಿದ್ದರೆ ಹಾಗೆ ಬೆರಗಾಗುತ್ತಿದ್ದರೇ? ಮನುಷ್ಯರಿಗೆ ಅಸಾಧ್ಯ ಎಂದೇ ಯೇಸು ಉತ್ತರಿಸುತ್ತಾನೆ. ಆ ಬಾಗಿಲಿನ ಕಥೆಯನ್ನು ನನ್ನ ಟಿಪ್ಪಣಿಯಿಂದ ತೆಗೆದುಹಾಕಿದೆ, ಹಿಂದೆ ಅದನ್ನು ನನ್ನಿಂದ ಕೇಳಿದ್ದವರಿಗೂ ತಿದ್ದಿ ಹೇಳಿದೆ.