ಜಗತ್ತಿನ ಅತಿ ಪ್ರಸಿದ್ಧ ಕ್ರೀಡಾಪಟು ಯಾರು? ಒಂದು ಚರ್ಚೆಯನ್ನು ನಡೆಸಿದ ನನ್ನ ಅನುಭವ

ಪದವಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಾ, ಅಲ್ಲಿನ ಚರ್ಚಾ ಸ್ಪರ್ಧೆಗಳ ಹೊಣೆಯನ್ನೂ ಹಲವು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ವಿದ್ಯಾರ್ಥಿಗಳು ತಾವಾಗಿಯೇ ಮತ್ತೆ ಮತ್ತೆ ಕೇಳುವ ವಿಷಯ ಒಂದಿದೆ: ಇಡೀ ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧ ಕ್ರೀಡಾಪಟು ಯಾರು? ಇದಕ್ಕೆ ಉತ್ಸಾಹದ ಕೊರತೆ ಎಂದೂ ಇರುವುದಿಲ್ಲ. ಆದರೆ ಕೊಹ್ಲಿ ಎನ್ನುವವರ ದನಿ ಏರಿದಂತೆ ಮೆಸ್ಸಿ ಎನ್ನುವವರ ದನಿಯೂ ಏರುತ್ತದೆ, ಕೊನೆಗೆ ಯಾರೂ ಯಾರಿಂದಲೂ ಹೊಸದೇನನ್ನೂ ಕೇಳಿಸಿಕೊಂಡಿರುವುದಿಲ್ಲ. ವಿಷಯ ನಿಜವಾಗಿಯೂ ದೊಡ್ಡದು ಎಂಬುದು ನನ್ನ ನಂಬಿಕೆ. ಒಬ್ಬ ಮನುಷ್ಯನ ಹೆಸರು ಭಾಷೆ, ಧರ್ಮ, ಗಡಿಗಳನ್ನು ದಾಟಿ ಹೇಗೆ ಹೋಗುತ್ತದೆ ಎಂಬ ಪ್ರಶ್ನೆ ಅದರ ಒಳಗಿದೆ. ಹೀಗಾಗಿ ಈ ಬಾರಿ ಚರ್ಚೆಯನ್ನು ನ್ಯಾಯಾಲಯದ ಮೊಕದ್ದಮೆಯಂತೆ, ಸಾಕ್ಷಿ, ಪಾಟೀಸವಾಲು, ತೀರ್ಪು ಎಂಬ ಕ್ರಮದಲ್ಲಿ ನಡೆಸಲು ನಿರ್ಧರಿಸಿದೆ.

ಮೊದಲು ಮಾಡಬೇಕಾದದ್ದು, ಯಾವುದನ್ನು ಸಾಕ್ಷಿಯಾಗಿ ಒಪ್ಪುವುದಿಲ್ಲ ಎಂದು ಹೇಳುವುದು. ಆಟದ ಸಾಧನೆಯ ಅಂಕಿಗಳನ್ನು ನಾನು ಮೊದಲೇ ಹೊರಗಿಟ್ಟೆ. ಈಜುಗಾರ ಮೈಕೆಲ್ ಫೆಲ್ಪ್ಸ್ ಒಲಿಂಪಿಕ್ಸ್‌ನಲ್ಲಿ 23 ಚಿನ್ನವೂ ಸೇರಿ 28 ಪದಕ ಗೆದ್ದಿದ್ದಾರೆ, ಅಷ್ಟು ಪದಕ ಗೆದ್ದವರು ಬೇರೊಬ್ಬರಿಲ್ಲ. ಆದರೂ ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಅವರ ಚಿತ್ರ ತೋರಿಸಿದರೆ ಗುರುತಿಸುವವರು ಸಿಗುವುದು ಕಷ್ಟ. ಡಾನ್ ಬ್ರಾಡ್ಮನ್ ಅವರ 99.94 ಎಂಬ ಟೆಸ್ಟ್ ಸರಾಸರಿಯನ್ನು ಕ್ರಿಕೆಟ್ ಬಲ್ಲವರು ಕೈಮುಗಿದು ಹೇಳುತ್ತಾರೆ, ಬ್ರೆಜಿಲ್‌ನಲ್ಲಾಗಲಿ ಚೀನಾದಲ್ಲಾಗಲಿ ಆ ಸಂಖ್ಯೆಗೆ ಅರ್ಥವೇ ಇಲ್ಲ. ಶ್ರೇಷ್ಠ ಯಾರು ಎಂಬ ಚರ್ಚೆ ಬೇರೆ; ಅದನ್ನು ಇದರೊಳಗೆ ಬಿಟ್ಟುಕೊಂಡರೆ ಇದು ಮುಗಿಯುವುದೇ ಇಲ್ಲ.

ಎರಡನೆಯ ನಿಬಂಧನೆಗೆ ವಿದ್ಯಾರ್ಥಿಗಳಿಂದ ಬಲವಾದ ವಿರೋಧ ಬಂತು. ಆಟಗಾರನ ಸ್ವಂತ ದೇಶದವರ ಸಾಕ್ಷಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂಬುದು ಆ ನಿಬಂಧನೆ. ನೂರನಲವತ್ತು ಕೋಟಿ ಜನರಿಗೆ ಗೊತ್ತಿರುವವನು ಪ್ರಸಿದ್ಧನಲ್ಲವೇ ಎಂದು ಕೊಹ್ಲಿಯ ಪರ ವಾದಿಸುತ್ತಿದ್ದ ಹುಡುಗಿ ಕೇಳಿದಳು. ಖಂಡಿತ ಪ್ರಸಿದ್ಧರೇ, ಆದರೆ ನಮ್ಮ ವಿಷಯದಲ್ಲಿ ಇರುವುದು ಜಗತ್ತು. ಫುಟ್‌ಬಾಲ್‌ನ ಜಾಗತಿಕ ಸಂಸ್ಥೆಯಾದ ಫಿಫಾದಲ್ಲಿ 211 ಸದಸ್ಯ ಸಂಸ್ಥೆಗಳಿವೆ, ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಪೂರ್ಣ ಸದಸ್ಯರು 12 ಮಾತ್ರ. ಜನಸಂಖ್ಯೆಯ ಬಲದಿಂದ ಬಂದ ಹೆಸರನ್ನೂ ದೂರಕ್ಕೆ ನಡೆದುಹೋದ ಹೆಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿರಲಿಲ್ಲ, ಈಗಲೂ ಸಿದ್ಧನಿಲ್ಲ.

ನಂತರ ಬಂದದ್ದು ಮೊಬೈಲಿನ ಸಾಕ್ಷಿ. ಇನ್‌ಸ್ಟಾಗ್ರಾಮ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಅವರಿಗೆ 60 ಕೋಟಿಗೂ ಮೀರಿದ ಫಾಲೋವರ್‌ಗಳಿದ್ದಾರೆ. ಯಾವ ಕ್ಷೇತ್ರದ ಯಾವ ವ್ಯಕ್ತಿಗೂ ಅಷ್ಟಿಲ್ಲ. ಎಲ್ಲ ಜಾಲತಾಣಗಳನ್ನೂ ಕೂಡಿಸಿದರೆ ಆ ಸಂಖ್ಯೆ 100 ಕೋಟಿ ದಾಟಿತೆಂದು 2024ರ ಸೆಪ್ಟೆಂಬರ್‌ನಲ್ಲಿ ಅವರೇ ಪ್ರಕಟಿಸಿದರು. 2022ರ ಡಿಸೆಂಬರ್‌ನಲ್ಲಿ ವಿಶ್ವಕಪ್ ಹಿಡಿದು ನಿಂತ ಮೆಸ್ಸಿ ಹಾಕಿದ ಚಿತ್ರ ಅಲ್ಲಿಯವರೆಗಿನ ಎಲ್ಲ ಚಿತ್ರಗಳಿಗಿಂತ ಹೆಚ್ಚು ಮೆಚ್ಚುಗೆ ಪಡೆಯಿತು. ಅಮೆರಿಕದ ಇಎಸ್‌ಪಿಎನ್ ಸಂಸ್ಥೆ 2016ರಿಂದ 2019ರವರೆಗೆ ಗೂಗಲ್ ಹುಡುಕಾಟ, ಜಾಹೀರಾತಿನ ಆದಾಯ, ಫಾಲೋವರ್‌ಗಳ ಸಂಖ್ಯೆ ಇವುಗಳನ್ನು ಕೂಡಿಸಿ ಪ್ರಸಿದ್ಧರ ಪಟ್ಟಿಯನ್ನು ಸಿದ್ಧಪಡಿಸುತ್ತಿತ್ತು, ಆ ಪಟ್ಟಿಯಲ್ಲಿ ಪ್ರತಿ ಬಾರಿಯೂ ರೊನಾಲ್ಡೊ ಮೊದಲಿಗರು. ಇಷ್ಟನ್ನು ಮಂಡಿಸಿದ ವಿದ್ಯಾರ್ಥಿ, ವಾದ ಮುಗಿಯಿತೆಂಬ ಧೈರ್ಯದಿಂದ ಕುಳಿತುಕೊಂಡ.

ಪಾಟೀಸವಾಲಿನಲ್ಲಿ ಆ ಧೈರ್ಯ ಸ್ವಲ್ಪ ಸಡಿಲವಾಯಿತು. ಒಬ್ಬನೇ ವ್ಯಕ್ತಿ ಮೂರು ಜಾಲತಾಣಗಳಲ್ಲಿದ್ದರೆ ಅವನನ್ನು ಮೂರು ಬಾರಿ ಎಣಿಸಿದಂತಾಗುತ್ತದೆ. ಚೀನಾದಲ್ಲಿ ಇನ್‌ಸ್ಟಾಗ್ರಾಮ್ ತೆರೆಯುವುದೇ ಇಲ್ಲ, ಆದ್ದರಿಂದ ಆ ಎಣಿಕೆಯಲ್ಲಿ ಅಷ್ಟು ದೊಡ್ಡ ದೇಶದ ಮಾತು ಕೇಳಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊಬೈಲ್ ಬರುವ ಮೊದಲು ಆಡಿದವರಿಗೆ ಈ ಅಳತೆಯಲ್ಲಿ ಜಾಗವೇ ಇಲ್ಲ. ಫಾಲೋವರ್‌ಗಳ ಸಂಖ್ಯೆಯನ್ನು ನಾನು ತಿರಸ್ಕರಿಸಲಿಲ್ಲ. ಅದು ಇಂದಿನವರನ್ನು ಇಂದಿನವರೊಡನೆ ಹೋಲಿಸಲು ಮಾತ್ರ ಸಲ್ಲುವ ಸಾಕ್ಷಿ ಎಂದು ತೀರ್ಮಾನಿಸಿದೆ.

ಹಾಗಾದರೆ ಎಲ್ಲರಿಗೂ ಹೊಂದುವ ಅಳತೆ ಯಾವುದು? ಇದರ ಬಗ್ಗೆ ನಾನು ಬಹಳ ಯೋಚಿಸಿದೆ. ಆ ಆಟವನ್ನು ನೋಡದವರಿಗೆ, ಸಾಧ್ಯವಾದರೆ ಯಾವ ಆಟವನ್ನೂ ನೋಡದವರಿಗೆ, ಆ ವ್ಯಕ್ತಿ ಗೊತ್ತಿದ್ದಾನೆಯೇ ಎಂಬುದೇ ನಿಜವಾದ ಪರೀಕ್ಷೆ ಎಂದು ನನಗೆ ಅನ್ನಿಸಿತು. ಅಭಿಮಾನಿಗೆ ತನ್ನ ನೆಚ್ಚಿನ ಆಟಗಾರ ಗೊತ್ತಿರುವುದರಲ್ಲಿ ವಿಶೇಷವೇನಿದೆ? ಫುಟ್‌ಬಾಲ್‌ನಲ್ಲಿ ಎಷ್ಟು ಜನ ಆಡುತ್ತಾರೆಂದೇ ತಿಳಿಯದ ಅಜ್ಜಿಯೊಬ್ಬರು ಹೆಸರು ಹೇಳಿದರೆ ಅದು ಸಾಕ್ಷಿ. ವಿದ್ಯಾರ್ಥಿಗಳಿಗೆ ಚಿತ್ರಗಳನ್ನು ಕೊಟ್ಟು, ತಂಡದ ಅಂಗಿ ಕಾಣದಂತೆ ಮುಖ ಮಾತ್ರ ಇರುವ ಚಿತ್ರಗಳನ್ನು ಕೊಟ್ಟು, ಸಂತೆಗೆ, ಆಸ್ಪತ್ರೆಯ ಹೊರಗಿನ ಬೆಂಚುಗಳಿಗೆ, ತಮ್ಮ ಮನೆಗಳಿಗೆ ಕಳುಹಿಸಿದೆ. ಅವರು ತಂದ ಉತ್ತರಗಳಲ್ಲಿ ನನಗೆ ಬಹಳ ಉಪಯೋಗವಾದದ್ದು, ಮುಖ ಗೊತ್ತಿರುವುದಕ್ಕೂ ಹೆಸರು ಗೊತ್ತಿರುವುದಕ್ಕೂ ಇರುವ ಅಂತರ. ರೊನಾಲ್ಡೊ ಅವರ ಮುಖವನ್ನು ಗುರುತಿಸಿದ ಕೆಲವರಿಗೆ ಹೆಸರು ಬರಲಿಲ್ಲ. ಪೆಲೆ ಎಂಬ ಹೆಸರನ್ನು ಕೇಳಿದ ಕೂಡಲೇ "ಫುಟ್‌ಬಾಲ್" ಎಂದವರು ಅವರ ಮುಖವನ್ನು ಗುರುತಿಸಲಿಲ್ಲ. ಬಾಕ್ಸರ್ ಮೊಹಮ್ಮದ್ ಅಲಿ ಅವರ ವಿಷಯದಲ್ಲಿ ವಯಸ್ಸಾದವರು ಎರಡನ್ನೂ ಹೇಳಿದರು.

ಹೊರದೇಶದ ಸಾಕ್ಷಿಗಾಗಿ ನಾನು ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿಕೊಂಡೆ. ಇಂಥ ಚರ್ಚೆ ನಡೆಸುವವರಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ. ಅಲ್ಲಿನ ಒಂದು ಕಟ್ಟಡದಲ್ಲಿ ನೇಪಾಳ, ಫಿಲಿಪೀನ್ಸ್, ಈಜಿಪ್ಟ್, ಕೀನ್ಯಾ, ಪಾಕಿಸ್ತಾನ, ಕೇರಳ, ಕರಾವಳಿ ಎಲ್ಲ ಕಡೆಯವರೂ ಒಟ್ಟಿಗೆ ಇರುತ್ತಾರೆ. ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಧ್ವನಿಸಂದೇಶಗಳನ್ನು ನಾವು ತರಗತಿಯಲ್ಲಿ ಕೂತು ಕೇಳಿದೆವು. ಕೊಹ್ಲಿಯನ್ನು ನೇಪಾಳ, ಪಾಕಿಸ್ತಾನ, ಬಾಂಗ್ಲಾದೇಶದವರು ಕೂಡಲೇ ಹೇಳಿದರು. ಈಜಿಪ್ಟಿನವರಿಗೆ, ಫಿಲಿಪೀನ್ಸಿನವರಿಗೆ ತಿಳಿದಿರಲಿಲ್ಲ. ಫಿಲಿಪೀನ್ಸಿನವರು ತಮ್ಮ ಬಾಕ್ಸರ್ ಮ್ಯಾನಿ ಪಕ್ವಿಯಾವೊ ಅವರನ್ನೂ ಬ್ಯಾಸ್ಕೆಟ್‌ಬಾಲ್‌ನ ಲೆಬ್ರಾನ್ ಜೇಮ್ಸ್ ಅವರನ್ನೂ ಹೇಳಿದರೆ, ಈಜಿಪ್ಟಿನವರು ಮೊಹಮದ್ ಸಲಾ ಅವರನ್ನು, ಕೀನ್ಯಾದವರು 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಓಡಿದ ಎಲಿಯುಡ್ ಕಿಪ್ಚೋಗೆ ಅವರನ್ನು ಹೇಳಿದರು. ತಮ್ಮವರನ್ನು ಬಿಟ್ಟು ಒಬ್ಬರನ್ನು ಹೇಳಿ ಎಂದಾಗ ಎಲ್ಲ ಕಡೆಯಿಂದಲೂ ಬಂದ ಹೆಸರು ರೊನಾಲ್ಡೊ, ಅವರ ಹಿಂದೆಯೇ ಮೆಸ್ಸಿ. ಕೊಹ್ಲಿಯ ಪರ ಇದ್ದ ಹುಡುಗಿ ಇದನ್ನು ಕೇಳಿ ತನ್ನ ವಾದವನ್ನು ಬಿಡಲಿಲ್ಲ, ತಿದ್ದಿಕೊಂಡಳು: ಒಂದೇ ಪ್ರದೇಶದಲ್ಲಿ ಇಷ್ಟು ಆಳವಾಗಿ ಬೇರೂರಿದ ಹೆಸರು ಇನ್ನೊಂದಿಲ್ಲ ಎಂದು. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ಅತ್ಯುತ್ತಮ ಕ್ಷಣ ಅದು.

ಉಸೇನ್ ಬೋಲ್ಟ್ ಪರ ಬಂದ ವಾದವೂ ಚಿಕ್ಕದಾದರೂ ಚೊಕ್ಕವಾಗಿತ್ತು. ಓಟಕ್ಕೆ ನಿಯಮ ತಿಳಿಯಬೇಕಾಗಿಲ್ಲ, ಯಾರು ಮುಂದೆ ಎಂದು ಮಗುವಿಗೂ ಗೊತ್ತಾಗುತ್ತದೆ. 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನಲ್ಲಿ ಮುಗಿದ ಆ ನೂರು ಮೀಟರ್‌ನಿಂದಾಗಿ ಮೂವತ್ತು ಲಕ್ಷ ಜನರೂ ಇಲ್ಲದ ಜಮೈಕಾದವರೊಬ್ಬರು ಜಗತ್ತಿಗೆಲ್ಲ ಪರಿಚಿತರಾದರು. ಬ್ಯಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡಾನ್ ಅವರ ವಿಷಯದಲ್ಲಿ, ಅವರ ಹೆಸರಿನ ಶೂ ಧರಿಸಿದ ಹುಡುಗರಿಗೆ ಅವರು ಯಾವ ಆಟ ಆಡುತ್ತಿದ್ದರೆಂದೇ ತಿಳಿದಿರಲಿಲ್ಲ. ಅದನ್ನು ಅವರ ಪ್ರಸಿದ್ಧಿ ಎನ್ನಬೇಕೋ ಶೂವಿನ ಪ್ರಸಿದ್ಧಿ ಎನ್ನಬೇಕೋ ಎಂಬ ಬಗ್ಗೆ ತೀರ್ಪುಗಾರರಲ್ಲಿ ಒಮ್ಮತ ಬರಲಿಲ್ಲ.

ಪೆಲೆ ಅವರ ಪರ ವಾದ ಬಲವಾಗಿತ್ತು. ಹದಿನೇಳರ ವಯಸ್ಸಿನಲ್ಲಿ 1958ರ ವಿಶ್ವಕಪ್, ಮತ್ತೆ 1962, 1970. ಅದರ ನಡುವೆ ಸ್ಯಾಂಟೋಸ್ ತಂಡದ ಜೊತೆ ಖಂಡಖಂಡಗಳ ಪ್ರವಾಸ. 1977ರಲ್ಲಿ ನ್ಯೂಯಾರ್ಕ್ ಕಾಸ್ಮೋಸ್ ತಂಡದೊಂದಿಗೆ ಕೋಲ್ಕತ್ತಕ್ಕೆ ಬಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಆಡಿದರು, ಪಂದ್ಯ 2-2ರಲ್ಲಿ ಸಮವಾಯಿತು. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಸಾಲಿನಲ್ಲಿ ಪೆಲೆಯ ಪ್ರತಿಮೆಯೂ ಇದೆ. ಬೇರೆ ಖಂಡದ ಬಡಾವಣೆಯೊಂದು ತನ್ನ ಆರಾಧ್ಯರ ಜೊತೆಗೆ ನಿಲ್ಲಿಸಿಕೊಂಡ ಆಟಗಾರ ಎಂಬ ಕಾರಣಕ್ಕೆ ಇದನ್ನು ಬಹಳ ತೂಕದ ಸಾಕ್ಷಿ ಎಂದು ನಾನು ಪರಿಗಣಿಸಿದೆ. ಆದರೆ ಪೆಲೆ ಆಡಲೆಂದು ನೈಜೀರಿಯಾದ ಅಂತರ್ಯುದ್ಧ ನಿಂತಿತು ಎಂಬ ಜನಪ್ರಿಯ ಕಥೆಯನ್ನು ಒಪ್ಪಲಿಲ್ಲ. ಆ ಕಾಲದ ಗಟ್ಟಿ ದಾಖಲೆಯನ್ನು ವಿದ್ಯಾರ್ಥಿಗಳು ತರಲಾಗಲಿಲ್ಲ. ಪ್ರಸಿದ್ಧರ ಸುತ್ತ ಇಂಥ ಕಥೆಗಳು ಬೆಳೆಯುತ್ತವೆ, ಅವನ್ನು ಜರಡಿ ಹಿಡಿಯುವುದನ್ನು ಕಲಿಸುವುದೇ ಅಧ್ಯಾಪಕನ ಕೆಲಸ.

ನನ್ನ ಸ್ವಂತ ಒಲವು ಅಲಿ ಅವರ ಕಡೆಗೆ, ಅದನ್ನು ಚರ್ಚೆ ಮುಗಿಯುವವರೆಗೆ ಹೇಳದೆ ಉಳಿಸಿಕೊಂಡಿದ್ದೆ. ಅವರ ವೃತ್ತಿಜೀವನದ ಭೂಪಟವನ್ನು ಕಪ್ಪುಹಲಗೆಯ ಮೇಲೆ ಬರೆಸಿದಾಗ ವಿದ್ಯಾರ್ಥಿಗಳೇ ಬೆರಗಾದರು. 1960ರಲ್ಲಿ ರೋಮ್ ಒಲಿಂಪಿಕ್ಸ್‌ನ ಚಿನ್ನ; ಆಮೇಲೆ ಲಂಡನ್, ಫ್ರಾಂಕ್‌ಫರ್ಟ್, ಜ್ಯೂರಿಕ್, ಡಬ್ಲಿನ್, 1973ರಲ್ಲಿ ಜಕಾರ್ತ, 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ವಿರುದ್ಧದ ಪಂದ್ಯ, 1975ರಲ್ಲಿ ಕ್ವಾಲಾಲಂಪುರ, ಅದೇ ವರ್ಷ ಮನಿಲಾದಲ್ಲಿ ಜೋ ಫ್ರೇಜಿಯರ್ ವಿರುದ್ಧ. ಜಗತ್ತಿನ ಚಾಂಪಿಯನ್ ಆಗಿದ್ದವರು ಆಫ್ರಿಕ, ಏಷ್ಯಾಗಳ ನೆಲದಲ್ಲಿ ನಿಂತು ಹೋರಾಡಿದರು. ಅಲ್ಲಿನವರು ಅವರನ್ನು ದೂರದರ್ಶನದಲ್ಲಿ ಮಾತ್ರ ಕಂಡವರಲ್ಲ. 1980ರಲ್ಲಿ ಭಾರತಕ್ಕೆ ಬಂದು ಮದ್ರಾಸಿನಲ್ಲೂ ಪ್ರದರ್ಶನ ಪಂದ್ಯ ಆಡಿದರು.

ಇದಕ್ಕಿಂತಲೂ ದೊಡ್ಡ ಕಾರಣ ಬಾಕ್ಸಿಂಗ್‌ನ ಹೊರಗಿದೆ. 1964ರಲ್ಲಿ ಸೋನಿ ಲಿಸ್ಟನ್ ಅವರನ್ನು ಸೋಲಿಸಿದ ನಂತರ ಇಸ್ಲಾಂಗೆ ಸೇರಿದ್ದನ್ನು ಬಹಿರಂಗಪಡಿಸಿ ಹೊಸ ಹೆಸರು ಪಡೆದರು, ಆ ಹೆಸರು ಇಂಡೋನೇಷ್ಯಾದಿಂದ ಸೆನೆಗಲ್‌ವರೆಗೆ ಬಾಕ್ಸಿಂಗ್ ನೋಡದ ಮನೆಗಳಿಗೂ ಹೋಯಿತು. 1967ರಲ್ಲಿ ವಿಯೆಟ್ನಾಂ ಯುದ್ಧದ ಕಾಲದ ಸೈನ್ಯದ ಕರೆಯನ್ನು ನಿರಾಕರಿಸಿದ್ದಕ್ಕೆ ಪಟ್ಟವನ್ನು ಕಸಿದುಕೊಂಡರು, ಶಿಕ್ಷೆಯಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಆ ಶಿಕ್ಷೆಯನ್ನು ರದ್ದುಪಡಿಸಿತು. ಬಾಕ್ಸಿಂಗ್ ಎಂದರೆ ಏನೆಂದು ತಿಳಿಯದವರಿಗೂ, ತನ್ನ ಸರ್ಕಾರಕ್ಕೆ ಇಲ್ಲ ಎಂದ ಮನುಷ್ಯ ಎಂಬ ಕಾರಣಕ್ಕೆ ಅವರು ಗೊತ್ತಾದರು. 1990ರಲ್ಲಿ ಪಾರ್ಕಿನ್ಸನ್ ರೋಗದಿಂದ ಬಳಲುತ್ತಿದ್ದಾಗಲೇ ಬಾಗ್ದಾದಿಗೆ ಹೋಗಿ 15 ಮಂದಿ ಅಮೆರಿಕನ್ ಒತ್ತೆಯಾಳುಗಳನ್ನು ಕರೆತಂದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿಯನ್ನು ನಡುಗುವ ಕೈಯಿಂದ ಬೆಳಗಿದ್ದನ್ನು ಕಂಡವರು ಇಂದಿಗೂ ಅದನ್ನು ಹೇಳುತ್ತಾರೆ. ಆಟ ನೋಡದವರಿಗೂ ಗೊತ್ತೇ ಎಂಬ ಪರೀಕ್ಷೆಯಲ್ಲಿ ಇವರಷ್ಟು ಅಂಕ ಪಡೆದವರು ನನಗೆ ಇನ್ನೊಬ್ಬರು ಕಾಣಲಿಲ್ಲ.

ಪಟ್ಟಿಯಲ್ಲಿ ಎಲ್ಲರೂ ಗಂಡಸರೇ ಏಕೆ ಎಂದು ಸಭೆಯಿಂದ ಒಬ್ಬ ವಿದ್ಯಾರ್ಥಿನಿ ಕೇಳಿದ್ದು ನ್ಯಾಯವಾದ ಪ್ರಶ್ನೆ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹದಿನಾಲ್ಕರ ಜಿಮ್ನಾಸ್ಟಿಕ್ಸ್ ಪಟು ನಾಡಿಯಾ ಕೊಮನೆಚಿ ಪೂರ್ಣ ಹತ್ತು ಅಂಕ ಪಡೆದಾಗ, ಅಂಥ ಅಂಕವನ್ನು ತೋರಿಸಲು ಫಲಕ ಸಿದ್ಧವಾಗಿರದೆ 1.00 ಎಂದು ತೋರಿಸಿತು. 23 ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಟೆನಿಸ್ ಆಟಗಾರ್ತಿ ಸೆರೀನಾ ವಿಲಿಯಮ್ಸ್ ಅವರನ್ನು ನಮ್ಮ ಸಂತೆಯಲ್ಲೂ ಗುರುತಿಸಿದವರಿದ್ದರು. ಮಹಿಳೆಯರ ಪಂದ್ಯಗಳನ್ನು ಎಷ್ಟು ಕಾಲ, ಎಷ್ಟು ದೇಶಗಳಲ್ಲಿ ತೋರಿಸಲಾಗಿದೆ ಎಂಬುದರ ಮೇಲೆ ಈ ಪಟ್ಟಿ ನಿಂತಿದೆಯೆಂದು ಒಪ್ಪಿಕೊಂಡು, ಮುಂದಿನ ಬಾರಿ ಅದನ್ನೇ ಪ್ರತ್ಯೇಕ ವಿಷಯವಾಗಿ ಇಡುವುದಾಗಿ ಹೇಳಿದೆ.

ಚರ್ಚೆಗೆ ಮೊದಲೂ ನಂತರವೂ ಸಭೆಯ ಮತ ಪಡೆಯುವುದು ನನ್ನ ಪದ್ಧತಿ, ಇಂಥ ಕಾರ್ಯಕ್ರಮ ನಡೆಸುವ ಎಲ್ಲರಿಗೂ ಅದನ್ನು ಶಿಫಾರಸು ಮಾಡುತ್ತೇನೆ. ಮೊದಲಿನ ಮತದಲ್ಲಿ ಕೊಹ್ಲಿ ಬಹಳ ಮುಂದಿದ್ದರು. ನಂತರದ ಮತದಲ್ಲಿ, ಇಂದು ಆಡುತ್ತಿರುವವರಲ್ಲಿ ರೊನಾಲ್ಡೊ ಎಂಬುದಕ್ಕೆ ಹೆಚ್ಚಿನವರು ಕೈ ಎತ್ತಿದರು, ಮೆಸ್ಸಿಯ ಅಭಿಮಾನಿಗಳೂ ಸೇರಿ. ಎಲ್ಲ ಕಾಲಕ್ಕೂ ಯಾರು ಎಂದಾಗ ಸಭೆ ಅಲಿ ಮತ್ತು ಪೆಲೆ ನಡುವೆ ಹೆಚ್ಚುಕಡಿಮೆ ಸಮವಾಗಿ ಒಡೆಯಿತು. ತೀರ್ಪುಗಾರರು ಪೆಲೆಗೆ ಕೊಟ್ಟರು: ಅವರ ಆಟ ಇಂದಿಗೂ ಪ್ರತಿ ಬೀದಿಯಲ್ಲಿ ನಡೆಯುತ್ತಿದೆ, ಆದ್ದರಿಂದ ಹೆಸರು ಪ್ರತಿ ತಲೆಮಾರಿನಲ್ಲೂ ಮತ್ತೆ ಹೇಳಲ್ಪಡುತ್ತದೆ ಎಂಬುದು ಅವರ ಕಾರಣ. ಕಾರಣ ಬಲವಾದದ್ದೇ. ಆದರೂ ಹೆಸರು ಆಟದ ಆಸರೆಯಿಲ್ಲದೆ ಉಳಿದಿರುವುದೇ ದೊಡ್ಡ ಪ್ರಸಿದ್ಧಿ ಎಂದು ನಾನು ನಂಬಿರುವುದರಿಂದ, ತೀರ್ಪನ್ನು ಓದಿ ಹೇಳಿದ ಮೇಲೆ ನನ್ನ ಮತವನ್ನು ಅಲಿ ಅವರಿಗೆ ಕೊಟ್ಟು, ಅದರ ಕಾರಣಗಳನ್ನು ಸಭೆಯ ಮುಂದೆ ಇಟ್ಟೆ.